ಮಾಯಾಶಾಲೆಯ ಊರಲ್ಲಿ ಬಾಡಿಗೆ ವಸೂಲಿ ಮಾಡೋರು ಯಾರು?

ಓದುಗರ ಪ್ರಶ್ನೆ: ಕಥೆ ಬರೆಯೋರಿಗಾಗಿ

ಫ್ಯಾಂಟಸಿ ಬರೆಯೋರು ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ನಡುವೆ ಒಂದು ಮಾಯಾವಿದ್ಯೆಯ ಶಾಲೆ, ಸುತ್ತ ಒಂದು ನಗರ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಹಿಡ್ಕೊಂಡಿದೀವಿ.

ಪ್ರಶ್ನೆ: ಸರ್, ನನ್ನ ಕಾದಂಬರಿಗೆ ಒಂದು ನಗರ ಕಟ್ಟಿದೀನಿ. ಮಧ್ಯೆ ಏಳು ಗೋಪುರದ ಮಾಯಾಶಾಲೆ, ನಾಲ್ಕು ಹೆಬ್ಬಾಗಿಲು, ಒಂದು ನದಿ, ಎಲ್ಲಾ ಬೀದಿಗೂ ಹೆಸರಿಟ್ಟಿದೀನಿ, ಮ್ಯಾಪ್ ಕೂಡ ಜೊತೆಗೆ ಕಳಿಸಿದೀನಿ. ಆದ್ರೂ ಊರಿಗೆ ಜೀವ ಬಂದಿಲ್ಲ ಅನ್ಸತ್ತೆ. ಏನು ಕಮ್ಮಿಯಾಗಿದೆ?

ಉತ್ತರ: ಮ್ಯಾಪ್ ನೋಡಿದ್ವಿ, ಚೆನ್ನಾಗೇ ಬರೆದಿದೀರ. ಆದ್ರೆ ಊರಿನ ಒಂದೊಂದು ಬೀದಿನೂ ಶಾಲೆ ಕಡೆಗೇ ಮುಖ ಮಾಡ್ಕೊಂಡು ನಿಂತಿದೆ. ಅಂಗಡಿಯವನು ಇರೋದು ಮಂತ್ರದಂಡ ಮಾರೋಕೆ, ಛತ್ರದವನು ಇರೋದು ಹುಡುಗರಿಗೆ ಊಟ ಹಾಕೋಕೆ, ಕಾವಲುಗಾರ ಇರೋದು ಬಾಗಿಲು ತೆಗೆಯೋಕೆ. ಇವರಿಗೆ ಸ್ವಂತದ್ದು ಅಂತ ಒಂದು ಕೆಲಸ, ಒಂದು ಜಗಳ, ಒಂದು ಸಾಲ ಏನೂ ಇಲ್ಲ, ಹಾಗಾಗಿ ಇಡೀ ಊರು ನಾಟಕದ ಪರದೆ ಥರ ಹಿಂದೆ ತೂಗಾಡ್ತಿದೆ.

ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಮೊದಲು ಬಂದಿದ್ದು ಊರಾ ಶಾಲೆನಾ? ಇತಿಹಾಸದಲ್ಲಿ ಎರಡೂ ಥರದ್ದು ಆಗಿದೆ, ಎರಡೂ ಅಲ್ಲದ್ದೂ ಆಗಿದೆ. ಇಟಲಿಯ ಬೊಲೋನ್ಯದಲ್ಲಿ ಊರು ಮೊದಲೇ ಇತ್ತು, ಕಾನೂನು ಕಲಿಯೋಕೆ ಹುಡುಗರು ಬಂದು ಸೇರಿದ್ರು. ಆ ವಿಶ್ವವಿದ್ಯಾಲಯ 1088ರಲ್ಲಿ ಶುರುವಾಯ್ತು ಅಂತ ವಾಡಿಕೆ, ಆದ್ರೆ ಶತಮಾನಗಟ್ಟಲೆ ಅದಕ್ಕೊಂದು ಸ್ವಂತ ಕಟ್ಟಡ ಇರ್ಲಿಲ್ಲ. ಗುರುಗಳ ಮನೆ, ಬಾಡಿಗೆ ಹಾಲು, ಚರ್ಚು, ಎಲ್ಲಿ ಜಾಗ ಸಿಕ್ತೋ ಅಲ್ಲೇ ಪಾಠ, ಇಡೀ ಊರೇ ಕ್ಯಾಂಪಸ್ಸು. ನಳಂದ ಇದಕ್ಕೆ ಪೂರ್ತಿ ಉಲ್ಟಾ, 5ನೇ ಶತಮಾನದಲ್ಲಿ ಗುಪ್ತರ ಕಾಲಕ್ಕೆ ಹುಟ್ಟಿದ ಬೌದ್ಧ ವಿಹಾರ, ಸುತ್ತ ಗೋಡೆ, ಬಾಗಿಲಲ್ಲಿ ಪರೀಕ್ಷೆ, ಅದನ್ನ ಸಾಕೋಕೆ ಅಂತ ಬಿಟ್ಟುಕೊಟ್ಟ ಹಳ್ಳಿಗಳು. ಮೂರನೇದು ತಕ್ಷಶಿಲೆ. ಅಲ್ಲಿ ಶಾಲೆ ಅನ್ನೋ ಒಂದು ಸಂಸ್ಥೆನೇ ಇರ್ಲಿಲ್ಲ, ಬೇರೆ ಬೇರೆ ಗುರುಗಳು, ಅವರವರ ಮನೆ, ಅವರವರ ಶಿಷ್ಯರು, ಅಷ್ಟೇ.

ಮಾಯಾವಿದ್ಯೆಗೆ ಈ ಮೂರನೇದನ್ನ ಯಾರೂ ಯಾಕೆ ಮುಟ್ಟಲ್ವೋ ಗೊತ್ತಾಗಲ್ಲ. ಹೆಡ್‌ಮಾಸ್ಟರ್ ಇಲ್ಲ, ಕಾಮನ್ ಸಿಲಬಸ್ ಇಲ್ಲ, ಒಂದು ಮನೇಲಿ ಮಳೆ ತರಿಸೋದು ಕಲಿಸ್ತಾ ಇದ್ರೆ ಪಕ್ಕದ ಮನೇಲಿ ಮಳೆ ನಿಲ್ಸೋದು ಕಲಿಸ್ತಿದಾರೆ, ಮಧ್ಯದ ಮನೆಯವನು ಅಗಸ. ಅವನ ಕಥೆ ಬರೀರಿ ಸ್ವಾಮಿ, ಗೋಪುರ ಎಲ್ಲೂ ಓಡಿಹೋಗಲ್ಲ.

ಪ್ರಶ್ನೆ: ಮಾಯಾಶಾಲೆ ಮುಖ್ಯಸ್ಥನಿಗೆ ಉದ್ದ ಬಿಳಿ ಗಡ್ಡ ಇರಲೇಬೇಕಾ?

ಉತ್ತರ: ಬೇಡ. ಉಗ್ರಾಣದ ಲೆಕ್ಕ ನೋಡೋ ಗುಮಾಸ್ತ ಮಾತ್ರ ಇರಲೇಬೇಕು.

ಪ್ರಶ್ನೆ: ನನ್ನ ನಾಯಕ ತುಂಬ ಬಡವ. ಅವನು ಶಾಲೆಗೆ ಸೇರೋದು ಹೇಗೆ? ಸ್ಕಾಲರ್‌ಶಿಪ್ ಅಂದ್ರೆ ತೀರಾ ಈಗಿನ ಕಾಲದ್ದು ಅನ್ಸತ್ತೆ. ಹಾಗೇ ಇಷ್ಟು ದೊಡ್ಡ ಶಾಲೆಗೆ ದುಡ್ಡು ಎಲ್ಲಿಂದ ಬರತ್ತೆ ಅಂತಾನೂ ಹೇಳಿ.

ಉತ್ತರ: ಬುದ್ಧನ ಹಿಂದಿನ ಜನ್ಮಗಳನ್ನ ಹೇಳೋ ಜಾತಕ ಕಥೆಗಳಲ್ಲಿ ತಕ್ಷಶಿಲೆಗೆ ಹೋಗೋ ಹುಡುಗರು ಸಾವಿರ ನಾಣ್ಯ ಗುರುದಕ್ಷಿಣೆ ತಗೊಂಡು ಹೋಗ್ತಾರೆ, ಅಷ್ಟು ಇಲ್ಲದೋರು ಹಗಲೆಲ್ಲಾ ಗುರುಗಳ ಮನೆ ಕೆಲಸ ಮಾಡಿ ರಾತ್ರಿ ಪಾಠ ಕೇಳ್ತಾರೆ. ನಿಮ್ಮ ನಾಯಕ ಈ ರಾತ್ರಿ ಬ್ಯಾಚಿನವನು ಅಂದ್ಕೊಳ್ಳಿ. ಹಗಲಲ್ಲಿ ಕಲಿತ ವಿದ್ಯೆಗೂ ರಾತ್ರಿ ಕಲಿತ ವಿದ್ಯೆಗೂ ಒಂದು ವ್ಯತ್ಯಾಸ ಇಟ್ಬಿಟ್ರೆ ಆಯ್ತು, ಬಡವರ ಮಕ್ಕಳಿಗೆಲ್ಲಾ ಕತ್ತಲ ವಿದ್ಯೆನೇ ಬರತ್ತೆ, ಸಾಹುಕಾರರ ಮಕ್ಕಳು ಅವರನ್ನ ನೋಡಿ ಹೆದರ್ತಾರೆ, ಊರವರು ಯಾರೋ ಶಾಪಗ್ರಸ್ತರು ಅಂತ ದೂರ ಇಡ್ತಾರೆ, ಕಾರಣ ಹುಡುಕ್ತಾ ಹೋದ್ರೆ ಬರೀ ಫೀಸಿನ ವಿಷಯ.

ಶಾಲೆ ಖರ್ಚಿಗೆ ನಳಂದ ನೋಡಿ. 7ನೇ ಶತಮಾನದಲ್ಲಿ ಅಲ್ಲಿ ಓದಿದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಜೀವನಚರಿತ್ರೆ ಪ್ರಕಾರ ಸುಮಾರು 100 ಹಳ್ಳಿಗಳ ಆದಾಯ ವಿಹಾರಕ್ಕೆ ಹೋಗ್ತಿತ್ತು, ದಿನಾ ಅಕ್ಕಿ, ಬೆಣ್ಣೆ, ಹಾಲು ಬಂದು ಬೀಳ್ತಿತ್ತು. ಅದೇ ಶತಮಾನದ ಕೊನೆ ಭಾಗಕ್ಕೆ ಬಂದ ಇನ್ನೊಬ್ಬ ಚೀನೀ ಯಾತ್ರಿಕ ಇತ್ಸಿಂಗ್ 200ಕ್ಕೂ ಹೆಚ್ಚು ಹಳ್ಳಿ ಅಂತಾನೆ. ಭಿಕ್ಷುಗಳು ಊಟಕ್ಕೆ ಅಲೆಯೋ ಹಾಗಿರ್ಲಿಲ್ಲ, ಓದೋದೊಂದೇ ಕೆಲಸ. ಸರಿ, ಈಗ ಆ ಹಳ್ಳಿ ಕಡೆ ಹೋಗಿ ನಿಂತ್ಕೊಳ್ಳಿ. ಗಾಡಿ ತುಂಬಿ ಕಳಿಸೋರು ಆ ಗೋಪುರನ ಹತ್ತಿರದಿಂದ ನೋಡೇ ಇರಲ್ಲ. ಮಳೆ ಕೈಕೊಟ್ಟ ವರ್ಷ ಏನಾಗತ್ತೆ? ಮಳೆ ತರಿಸೋ ವಿದ್ಯೆ ಗೊತ್ತಿರೋ ಶಾಲೆಗೆ ಮೊದಲ ಗಾಡಿ ಹೋಗ್ಬೇಕು, ಮಳೆ ಮಾತ್ರ ಹಳ್ಳಿಗೆ ಬರಲ್ಲ ಅಂದ್ರೆ ಆ ಗಾಡಿ ಹೊಡೆಯೋನು ದಾರಿಲಿ ಏನು ಯೋಚನೆ ಮಾಡ್ತಿರ್ತಾನೆ?

ಇನ್ನೊಂದು ರಾಜಕೀಯದ ಎಳೆ ಇದೆ. 9ನೇ ಶತಮಾನದಲ್ಲಿ ಸಮುದ್ರದಾಚೆ ಸುವರ್ಣದ್ವೀಪದ (ಈಗಿನ ಸುಮಾತ್ರಾ ಕಡೆ) ರಾಜ ಬಾಲಪುತ್ರದೇವ ನಳಂದದಲ್ಲಿ ಒಂದು ವಿಹಾರ ಕಟ್ಟಿಸಿದ, ಅದರ ಖರ್ಚಿಗೆ ಪಾಲರ ರಾಜ ದೇವಪಾಲನ ಹತ್ರ ಕೇಳಿ ಐದು ಹಳ್ಳಿ ಬಿಡಿಸಿಕೊಂಡ, ತಾಮ್ರಶಾಸನನೇ ಇದೆ. ನಿಮ್ಮ ನಗರದಲ್ಲೂ ಹೀಗೆ ಹೊರದೇಶದ ರಾಜನ ದುಡ್ಡಲ್ಲಿ ಎದ್ದ ಒಂದು ಹಾಸ್ಟೆಲ್ ಇರಲಿ. ಎರಡು ದೇಶಕ್ಕೂ ಯುದ್ಧ ಬಿತ್ತು ಅನ್ನಿ, ಆ ಹಾಸ್ಟೆಲಿನ ಹುಡುಗರು ಯಾರ ಕಡೆ?

ಕಲಬುರಗಿ ಕಡೆಯ ನಾಗಾವಿಯ ಘಟಿಕಾಸ್ಥಾನದ, ಅಂದ್ರೆ ಹಳೇ ಕಾಲದ ವಿದ್ಯಾಪೀಠದ, 1058ರ ಶಾಸನದಲ್ಲಿ ಗುರುಗಳು ಶಿಷ್ಯರ ಜೊತೆ ಆರು ಜನ ಸರಸ್ವತಿ ಭಂಡಾರಿಗಳೂ ಬರ್ತಾರೆ, ಅಂದ್ರೆ ಪುಸ್ತಕ ಕಾಯೋರು. ಅವರನ್ನೂ ಮರೀಬೇಡಿ. ಪುಸ್ತಕಗಳೇ ಮಾತಾಡೋ ಊರಲ್ಲಿ ಆ ಕೆಲಸ ಹಗುರದ್ದಲ್ಲ.

ಪ್ರಶ್ನೆ: ನನ್ನ ಕಥೇಲಿ ಹೆಂಡದ ಅಂಗಡೀಲಿ ಶುರುವಾದ ಸಣ್ಣ ಜಗಳದಿಂದ ಶಾಲೆಯವರಿಗೂ ಊರವರಿಗೂ ದೊಡ್ಡ ಮಾರಾಮಾರಿ ಆಗತ್ತೆ. ಓದಿದ ಗೆಳೆಯ ಇದೆಲ್ಲಾ ಉತ್ಪ್ರೇಕ್ಷೆ, ಕುಡಿಯೋ ವಿಷಯಕ್ಕೆ ಯಾರು ಊರು ಸುಡ್ತಾರೆ ಅಂತಾನೆ.

ಉತ್ತರ: ನಿಮ್ಮ ಗೆಳೆಯರಿಗೆ 1355ರ ಆಕ್ಸ್‌ಫರ್ಡ್ ಕಥೆ ಹೇಳಿ. ಫೆಬ್ರವರಿ 10ನೇ ತಾರೀಖು ಕೆಲವು ವಿದ್ಯಾರ್ಥಿಗಳು ಒಂದು ಅಂಗಡೀಲಿ ಕೂತು ವೈನ್ ಚೆನ್ನಾಗಿಲ್ಲ ಅಂದ್ರು, ಅಂಗಡಿಯವನು ತಿರುಗಿಸಿ ಏನೋ ಅಂದ, ಪಾತ್ರೆ ಎತ್ತಿ ಅವನ ಮೇಲೇ ಎಸೆದ್ರು. ಊರವರು ತಮ್ಮ ಚರ್ಚಿನ ಗಂಟೆ ಬಾರಿಸಿದ್ರು, ವಿಶ್ವವಿದ್ಯಾಲಯದವರು ತಮ್ಮ ಚರ್ಚಿನ ಗಂಟೆ ಬಾರಿಸಿದ್ರು, ಸುತ್ತಲ ಹಳ್ಳಿಯೋರು ಊರವರ ಕಡೆ ಸೇರ್ಕೊಂಡು ನುಗ್ಗಿದ್ರು. ಗಲಾಟೆ ಮುಗಿಯೋ ಹೊತ್ತಿಗೆ 63 ಜನ ವಿದ್ಯಾರ್ಥಿಗಳು ಸತ್ತಿದ್ರು ಅಂತ ಲೆಕ್ಕ, ಊರವರ ಕಡೆ ಸುಮಾರು 30.

ಆದ್ರೆ ಕಥೆಗಾರರಿಗೆ ಬೇಕಾದ್ದು ಹೊಡೆದಾಟ ಅಲ್ಲ, ಆಮೇಲೆ ಆಗಿದ್ದು. ರಾಜ ನಿಂತಿದ್ದು ವಿಶ್ವವಿದ್ಯಾಲಯದ ಪರ. ಊರಿನ ಮೇಯರ್ರೂ ದೊಡ್ಡ ಮನುಷ್ಯರೂ ವರ್ಷಾವರ್ಷ ಅದೇ ದಿನ ಚರ್ಚಿಗೆ ಹೋಗಿ ಸತ್ತ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಪೆನ್ನಿ ಕಾಣಿಕೆ ಕಟ್ಟಬೇಕು ಅಂತಾಯ್ತು, ಅದು ನಿಂತಿದ್ದು 1825ರಲ್ಲಿ! ಅಜ್ಜನ ಅಜ್ಜನ ಅಜ್ಜ ಮಾಡಿದ ಗಲಾಟೆಗೆ ತಲೆ ತಗ್ಗಿಸಿ ಕಾಸು ಎಣಿಸೋ ಮೇಯರ್ರು, ಆ ಒಂದು ಪಾತ್ರ ಸಾಕು ಕಾದಂಬರಿಗೆ. ಜೊತೆಗೆ ಬ್ರೆಡ್ಡು, ಬಿಯರ್ ಬೆಲೆ, ತೂಕ ಅಳತೆ ನೋಡ್ಕೊಳ್ಳೋ ಅಧಿಕಾರನೂ ವಿಶ್ವವಿದ್ಯಾಲಯದ ಕೈಗೆ ಹೋಯ್ತು. ಅಂದ್ರೆ ಜಗಳ ಆಗಿದ್ದು ಹೆಂಡಕ್ಕೆ, ಕಳ್ಕೊಂಡಿದ್ದು ಮಾರ್ಕೆಟ್ಟು.

ಇನ್ನೂ ಒಂದು ಮಾತು, ಮಾಯಾಶಾಲೆಯ ದೊಡ್ಡ ಅಸ್ತ್ರ ಅಂದ್ರೆ ಎಲ್ಲರೂ ಬೆಂಕಿ ಉಂಡೆ, ಸಿಡಿಲು, ರಾಕ್ಷಸ ಅಂತ ಬರೀತಾರೆ. ನಿಜವಾದ ಶಾಲೆಗಳ ದೊಡ್ಡ ಅಸ್ತ್ರ ಗಂಟುಮೂಟೆ ಕಟ್ಟೋದು. 1209ರಲ್ಲಿ ಆಕ್ಸ್‌ಫರ್ಡಲ್ಲಿ ಒಬ್ಬ ವಿದ್ಯಾರ್ಥಿ ಹೆಂಗಸೊಬ್ಬಳನ್ನ ಕೊಂದು ಓಡಿಹೋದ, ಊರವರು ಅವನ ಜೊತೆ ಮನೇಲಿದ್ದ ಇಬ್ಬರು ಮೂವರನ್ನ ಹಿಡಿದು ಗಲ್ಲಿಗೆ ಹಾಕಿದ್ರು, ಉಳಿದವರು ಊರು ಬಿಟ್ರು, ಅವರಲ್ಲಿ ಕೆಲವರು ಹೋಗಿ ನೆಲೆ ನಿಂತಿದ್ದೇ ಕೇಂಬ್ರಿಜ್. ಬೊಲೋನ್ಯದವರು ಮುನಿಸ್ಕೊಂಡು 1222ರಲ್ಲಿ ಪಡುವಾದಲ್ಲಿ ಇನ್ನೊಂದು ವಿಶ್ವವಿದ್ಯಾಲಯ ಶುರುಮಾಡಿದ್ರು. ಪ್ಯಾರಿಸ್ಸಲ್ಲಿ 1229ರಲ್ಲಿ ಮತ್ತೆ ಅದೇ, ಹೆಂಡದ ಬಿಲ್ಲಿನ ಜಗಳ, ಕಾವಲಿನವರು ವಿದ್ಯಾರ್ಥಿಗಳನ್ನ ಕೊಂದ್ರು, ಎರಡು ವರ್ಷ ಪಾಠ ಬಂದ್. ಕೊನೆಗೆ 1231ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಮಧ್ಯೆ ಬಂದು, ಅನ್ಯಾಯ ಆದ್ರೆ ಪಾಠ ನಿಲ್ಲಿಸೋ ಹಕ್ಕು ನಿಮಗಿದೆ ಅಂತ ಬರೆದುಕೊಟ್ಟ ಮೇಲೆ ಸರಿಹೋಯ್ತು. ಇನ್ನು ನಮಗೆ ಮಯೂರಶರ್ಮನ ಕಥೆ ಯಾರೂ ಹೇಳ್ಕೊಡಬೇಕಿಲ್ಲ. ತಾತ ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋದ ಹುಡುಗ, ಪಲ್ಲವರ ಕುದುರೆ ಸವಾರನ ಜೊತೆ ಜಗಳ, ದರ್ಭೆ ಹಿಡಿದ ಕೈಲಿ ಕತ್ತಿ, ಆಮೇಲೆ ಒಂದು ರಾಜ್ಯ. ತಾಳಗುಂದ ಶಾಸನದಲ್ಲಿ ಇಷ್ಟು ಚೆನ್ನಾಗಿ ಬರೆದಿಟ್ಟಿದಾರೆ, ಆದ್ರೂ ನಮ್ಮ ಫ್ಯಾಂಟಸಿ ಬರೆಯೋರು ಓದು ಬಿಟ್ಟ ವಿದ್ಯಾರ್ಥಿ ಏನೇನು ಮಾಡಬಹುದು ಅಂತ ಯೋಚನೆನೇ ಮಾಡಲ್ಲ.

ಊರವರು ತಿರುಗಿಬಿದ್ದಾಗ ಸುಡೋದು ಏನನ್ನ ಅಂತಾನೂ ನೋಡಿ. 1381ರಲ್ಲಿ ಕೇಂಬ್ರಿಜ್ಜಲ್ಲಿ ವಿಶ್ವವಿದ್ಯಾಲಯದ ಹಕ್ಕುಪತ್ರ, ದಾಖಲೆಗಳನ್ನ ಎತ್ತಿ ತಂದು ಸಂತೆಮಾಳದಲ್ಲಿ ಬೆಂಕಿಗೆ ಹಾಕಿದ್ರು, ಮಾರ್ಜರಿ ಸ್ಟಾರ್ ಅನ್ನೋ ಮುದುಕಿ ಆ ಬೂದಿನ ಗಾಳಿಗೆ ತೂರಿ, ಈ ಪಂಡಿತರ ವಿದ್ಯೆ ತೊಲಗಲಿ ಅಂತ ಕೂಗಿದ್ಲಂತೆ. ನಿಮ್ಮ ಊರವರೂ ಮಂತ್ರದ ಪುಸ್ತಕ ಸುಡೋ ಬದಲು ಶಾಲೆಯ ಜಮೀನು ಪತ್ರ ಸುಡಲಿ. ಆ ಕೋಪಕ್ಕೆ ಒಂದು ಅರ್ಥ ಇರತ್ತೆ.

ಪ್ರಶ್ನೆ: ನನ್ನ ಕಥೇಲಿ ಮಾಂತ್ರಿಕರಿಗೆ ರೂಮು ಬಾಡಿಗೆಗೆ ಕೊಡೋ ಹೆಂಗಸಿನ ಮಗಳು ನಾಯಕಿ. ಅವಳಿಗೆ ಮಂತ್ರ ಬರಲ್ಲ. ಮಂತ್ರ ಬರದ ನಾಯಕಿನ ಯಾರು ಓದ್ತಾರೆ ಅಂತ ಮನೇಲಿ ನಗ್ತಾರೆ ಮೇಡಂ/ಸರ್.

ಉತ್ತರ: ನಗಲಿ ಬಿಡಿ, ಈ ಸಲ ಬಂದ ಪತ್ರಗಳಲ್ಲೆಲ್ಲಾ ನಿಮ್ಮದೇ ಚೆನ್ನಾಗಿರೋದು. ಬಾಡಿಗೆ ಮನೆಯವರಿಗೆ ಗೊತ್ತಿರದ ಗುಟ್ಟು ಶಾಲೆ ಊರಲ್ಲಿ ಯಾವುದೂ ಇರಲ್ಲ. ಯಾರು ರಾತ್ರಿ ಎಷ್ಟೊತ್ತಿಗೆ ಬಂದ್ರು, ಯಾರ ರೂಮಿನ ಗೋಡೆ ತಾನಾಗೇ ಒದ್ದೆ ಆಗ್ತಿದೆ, ಯಾರು ಎರಡು ತಿಂಗಳಿಂದ ದುಡ್ಡು ಕೊಟ್ಟಿಲ್ಲ, ಯಾರಿಗೆ ಇದ್ದಕ್ಕಿದ್ದಂಗೆ ಎಲ್ಲಿಂದಲೋ ದುಡ್ಡು ಬಂತು.

ಬಾಡಿಗೆ ಅನ್ನೋದು ಆ ಕಾಲಕ್ಕೆ ರಾಜ್ಯದ ಮಟ್ಟದ ವಿಷಯ. ಮೇಲೆ ಹೇಳಿದ 1209ರ ಗಲ್ಲು ಪ್ರಕರಣ ಆದ್ಮೇಲೆ, 1214ರಲ್ಲಿ ಪೋಪ್‌ನ ಪ್ರತಿನಿಧಿ ಬಂದು ಆಕ್ಸ್‌ಫರ್ಡ್ ಊರವರಿಗೆ ಹಾಕಿದ ದಂಡದಲ್ಲಿ ಮುಖ್ಯವಾದ್ದು ಇದೇ, ಮುಂದಿನ ಹತ್ತು ವರ್ಷ ವಿದ್ಯಾರ್ಥಿಗಳ ಮನೆ ಬಾಡಿಗೇಲಿ ಅರ್ಧ ಬಿಡಬೇಕು, ಬಡ ವಿದ್ಯಾರ್ಥಿಗಳಿಗೆ ಅಂತ ವರ್ಷಕ್ಕೆ 52 ಶಿಲ್ಲಿಂಗ್ ಕೊಡಬೇಕು, ವರ್ಷಕ್ಕೊಂದು ದಿನ 100 ಬಡ ವಿದ್ಯಾರ್ಥಿಗಳಿಗೆ ಊಟ ಹಾಕಬೇಕು. ಗಲ್ಲಿಗೆ ಹಾಕಿದೋರು ಊರಿನ ಯಾರೋ ಕೆಲವರು, ಅರ್ಧ ಬಾಡಿಗೆ ಕಳ್ಕೊಂಡಿದ್ದು ಏನೂ ಮಾಡದ ವಿಧವೆನೂ ಹೌದು. ನಿಮ್ಮ ನಾಯಕಿಯ ಅಮ್ಮನಿಗೆ ಹೀಗೊಂದು ಹತ್ತು ವರ್ಷ ಇಟ್ಬಿಡಿ, ಮಗಳು ಹುಟ್ಟಿ ಬೆಳೆದಿದ್ದೆಲ್ಲಾ ಅರ್ಧ ಬಾಡಿಗೇಲೇ. ಆಮೇಲೆ ಅವಳಿಗೆ ಶಾಲೆ ಮೇಲೆ ಏನನ್ಸತ್ತೆ ಅಂತ ನಾವು ಹೇಳಬೇಕಿಲ್ಲ.

ಇನ್ನು ಮಂತ್ರ ಹಾಳಾಗಿ ಹೋದ ರೂಮು, ಒಳಗೆ ಕಾಲ ನಿಧಾನ ಓಡೋ ರೂಮು, ನೆರಳು ಬಿಟ್ಟುಹೋದ ಹಳೇ ಬಾಡಿಗೆದಾರ, ಇವಕ್ಕೆಲ್ಲಾ ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು ಕಮ್ಮಿ, ಇದನ್ನ ನೀವೇ ಬರೀತೀರ, ನಂಬಿಕೆ ಇದೆ.

ಪ್ರಶ್ನೆ: ಮಾಯಾ ವಿದ್ಯಾರ್ಥಿ ಊರಲ್ಲಿ ಅಪರಾಧ ಮಾಡಿದ್ರೆ ಹಿಡಿಯೋರು ಯಾರು? ನಗರದ ಪೊಲೀಸರಾ, ಶಾಲೆಯವರಾ?

ಉತ್ತರ: ಇಬ್ಬರೂ ಹಿಡೀಬೇಕು ಅಂತಾರೆ, ಅಲ್ಲೇ ಮಜಾ ಇರೋದು. 12ನೇ ಶತಮಾನದ ಮಧ್ಯದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ್ಸ ವಿದ್ಯಾರ್ಥಿಗಳಿಗೆ ಒಂದು ರಕ್ಷಣೆ ಕೊಟ್ಟ, ಅವರ ಮೇಲೆ ಕೇಸು ಬಿದ್ರೆ ತಮ್ಮ ಗುರು ಮುಂದೆ ಅಥವಾ ಬಿಷಪ್ ಮುಂದೆ ವಿಚಾರಣೆ ಆಗಲಿ ಅಂತ ಅವರೇ ಆರಿಸ್ಕೋಬಹುದು. ಊರಿನ ನ್ಯಾಯಾಧೀಶ ಸುಮ್ಮನೆ ನೋಡ್ತಿರಬೇಕು. ಇನ್ನೊಂದು ರಕ್ಷಣೆನೂ ಅದರಲ್ಲಿತ್ತು, ನಿಮ್ಮ ದೇಶದವನು ಸಾಲ ಮಾಡಿ ಓಡಿಹೋದ ಅಂತ ಅದೇ ದೇಶದ ವಿದ್ಯಾರ್ಥಿನ ಹಿಡಿದು ವಸೂಲಿ ಮಾಡೋ ಹಾಗಿಲ್ಲ.

ಜರ್ಮನಿಯ ಹೈಡೆಲ್‌ಬರ್ಗಲ್ಲಿ ವಿಶ್ವವಿದ್ಯಾಲಯಕ್ಕೇ ಸ್ವಂತ ಜೈಲಿತ್ತು, 1778ರಿಂದ 1914ರವರೆಗೆ. ಕುಡಿದು ಕೂಗಾಡಿದ್ದು, ಕತ್ತಿವರಸೆ ಮಾಡಿದ್ದು ಇಂಥವಕ್ಕೆಲ್ಲಾ ಅಲ್ಲಿ ಹಾಕ್ತಿದ್ರು, ಕ್ಲಾಸಿಗೆ ಹೋಗಿ ಬರೋಕೆ ಬಿಡ್ತಿದ್ರು, ಹುಡುಗರು ಗೋಡೆ ತುಂಬಾ ಚಿತ್ರ ಬರೆದು ಇಟ್ಟಿದಾರೆ, ಈಗಲೂ ಹೋದ್ರೆ ನೋಡಬಹುದು. ಒಂದು ಸಲ ಜೈಲಿಗೆ ಹೋಗಿ ಬರೋದು ಅವರಿಗೆ ಹೆಮ್ಮೆ. ಅದೇ ತಪ್ಪಿಗೆ ಅದೇ ರಾತ್ರಿ ಸಿಕ್ಕಿಬಿದ್ದ ಬೇಕರಿಯವನ ಮಗನಿಗೆ? ಅವನು ಊರಿನ ಕೋರ್ಟಿಗೆ. ನಿಮ್ಮ ನಗರದಲ್ಲಿ ಈ ಇಬ್ಬರು ಗೆಳೆಯರಾಗಿರಲಿ.

ಪ್ರಶ್ನೆ: ಮಂತ್ರದಿಂದ ಚಿನ್ನ ಮಾಡಬಹುದು ಅಂದ್ಮೇಲೆ ಆ ಊರಲ್ಲಿ ಬಡವರು ಯಾಕೆ ಇರ್ತಾರೆ? ಇದನ್ನ ಯಾರೂ ವಿವರಿಸಲ್ಲ.

ಉತ್ತರ: ಯಾಕಂದ್ರೆ ಮೊದಲ ದಿನವೇ ರಾಜ ಅದನ್ನ ನಿಷೇಧ ಮಾಡಿರ್ತಾನೆ. ತಮಾಷೆ ಅಲ್ಲ, ಇಂಗ್ಲೆಂಡಲ್ಲಿ ನಾಲ್ಕನೇ ಹೆನ್ರಿ 1404ರಲ್ಲಿ ಚಿನ್ನ ಬೆಳ್ಳಿ ಹೆಚ್ಚಿಸೋ ವಿದ್ಯೆ ಮಾಡಿದ್ರೆ ಘೋರ ಅಪರಾಧ ಅಂತ ಕಾನೂನೇ ತಂದ, ಅದು ರದ್ದಾಗಿದ್ದು 1689ರಲ್ಲಿ. ಆ ವಿದ್ಯೆ ಯಾರಿಗೂ ಬರ್ತಿರ್ಲಿಲ್ಲ, ಆದ್ರೂ ಕಾನೂನು ಸುಮಾರು ಮೂರು ಶತಮಾನ ಇತ್ತು! ಅಂದ್ಮೇಲೆ ನಿಜವಾಗಲೂ ಬರೋ ಊರಲ್ಲಿ ಟಂಕಸಾಲೆಯ ಗೂಢಚಾರರು ಶಾಲೆಯ ಒಂದೊಂದು ಕ್ಲಾಸಲ್ಲೂ ಕೂತಿರ್ತಾರೆ.

ಚಿನ್ನ ಬಿಡಿ, ಮಾಯಾಶಾಲೆಯ ಊರು ನಿಜವಾಗಿ ದುಡಿಯೋದು ಪುಸ್ತಕದಲ್ಲಿ. ಪ್ಯಾರಿಸ್, ಬೊಲೋನ್ಯದಲ್ಲಿ ಒಂದು ಪದ್ಧತಿ ಇತ್ತು, ಪುಸ್ತಕದ ಅಂಗಡಿಯವನು ಮೂಲ ಪ್ರತಿನ ಬಿಡಿ ಬಿಡಿ ಕಟ್ಟು ಮಾಡಿ ಒಂದೊಂದು ಕಟ್ಟನ್ನ ಬಾಡಿಗೆಗೆ ಕೊಡ್ತಿದ್ದ, ವಿದ್ಯಾರ್ಥಿ ಅದನ್ನ ನಕಲು ಮಾಡ್ಕೊಂಡು ವಾಪಸ್ ಕೊಟ್ಟು ಮುಂದಿನ ಕಟ್ಟು ತಗೋಬೇಕು. ಹೀಗಾಗಿ ಒಂದೇ ಪುಸ್ತಕನ ಏಕಕಾಲಕ್ಕೆ ಎಷ್ಟೋ ಜನ ಬರೀಬಹುದಿತ್ತು. ಬಾಡಿಗೆ ದರ ವಿಶ್ವವಿದ್ಯಾಲಯನೇ ಗೊತ್ತುಮಾಡ್ತಿತ್ತು, ಮೂಲ ಪ್ರತೀಲಿ ತಪ್ಪಿದ್ಯಾ ಅಂತ ನೋಡೋಕೆ ಬೇರೆ ಜನ. ಕಾನೂನು ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಾದ್ರೆ ವಕೀಲ ಸೋಲ್ತಾನೆ, ಮಂತ್ರದ ಪುಸ್ತಕದಲ್ಲಿ ತಪ್ಪಾದ್ರೆ ಬೀದಿನೇ ಹೋಗತ್ತೆ. ಅದಕ್ಕೇ ಆ ಕಟ್ಟುಗಳನ್ನ ನಡುವಿಂದ ಅದಲುಬದಲು ಮಾಡೋ ಒಬ್ಬ ಅಂಗಡಿಯವನಿದ್ರೆ ನಿಮಗೆ ಖಳನಾಯಕನನ್ನ ಬೇರೆ ಹುಡುಕೋ ಕೆಲಸ ಇಲ್ಲ. 16ನೇ ಶತಮಾನದ ಶುರುವಿನಲ್ಲಿ ಆಫ್ರಿಕಾದ ಟಿಂಬಕ್ಟು ನೋಡಿದ ಯಾತ್ರಿಕ ಲಿಯೋ ಆಫ್ರಿಕಾನಸ್, ಅಲ್ಲಿ ಬೇರೆ ಎಲ್ಲಾ ಸರಕಿಗಿಂತ ಕೈಬರಹದ ಪುಸ್ತಕ ಮಾರಿದ್ರೇ ಹೆಚ್ಚು ಲಾಭ ಅಂತ ಬರೆದಿದಾನೆ, ಮರುಭೂಮಿ ಅಂಚಿನ ಊರಲ್ಲಿ!

ಹಾಗೇ ಚರ್ಮದ ಹಾಳೆ ಅಂದ್ರೆ ಒಂದು ದೊಡ್ಡ ಗ್ರಂಥಕ್ಕೆ ನೂರಾರು ಕರುಗಳು. ಅಷ್ಟು ಚರ್ಮ ಹದ ಮಾಡೋ ಕೇರಿ ಎಲ್ಲಿದೆ ನಿಮ್ಮ ಮ್ಯಾಪಲ್ಲಿ? ನದಿಯ ಕೆಳಗಡೆ ಹಾಕಿ, ಇಲ್ಲಾಂದ್ರೆ ಊರಿಗೆ ಊರೇ ಅದೇ ನೀರು ಕುಡೀಬೇಕು.

ಪ್ರಶ್ನೆ: ಪ್ರವೇಶ ಪರೀಕ್ಷೇಲಿ ಫೇಲಾದವರು ಏನಾಗ್ತಾರೆ? ಎಲ್ಲಾ ಕಥೇಲೂ ನಾಯಕ ಪಾಸೇ ಆಗ್ತಾನೆ.

ಉತ್ತರ: ಈ ಪ್ರಶ್ನೆಗೆ ಕಾಯ್ತಿದ್ವಿ. ನಳಂದದ ಬಾಗಿಲಲ್ಲಿ ದ್ವಾರಪಾಲಕ ಕಠಿಣ ಪ್ರಶ್ನೆ ಕೇಳ್ತಿದ್ದ, ಬಂದ ಹತ್ತರಲ್ಲಿ ಏಳೆಂಟು ಜನ ಉತ್ತರ ಹೇಳಲಾರದೆ ವಾಪಸ್ ಹೋಗ್ತಿದ್ರು ಅಂತ ಹ್ಯೂಯೆನ್ ತ್ಸಾಂಗ್ ಬರೆದಿದಾನೆ. ಯೋಚನೆ ಮಾಡಿ, ತಿಂಗಳುಗಟ್ಟಲೆ ನಡೆದು ಬಂದೋರು, ಊರಲ್ಲಿ ಎಲ್ಲರಿಗೂ ಹೇಳಿ ಬಂದೋರು, ಎಷ್ಟು ಜನಕ್ಕೆ ಅದೇ ದಿನ ಬೆನ್ನು ತಿರುಗಿಸಿ ಮನೆಗೆ ಹೋಗೋ ಮನಸ್ಸಾಗತ್ತೆ? ಮಾಯಾಶಾಲೆಯ ಹೆಬ್ಬಾಗಿಲ ಹೊರಗಿನ ಬೀದಿ ಪೂರ್ತಿ ಇವರೇ ಇರ್ತಾರೆ. ಮುಂದಿನ ಸಲಕ್ಕೆ ಓದ್ತಿರೋರು, ಅವರಿಗೆ ಟ್ಯೂಷನ್ ಹೇಳೋರು, ಟ್ಯೂಷನ್ ಹೇಳ್ತಾ ಹೇಳ್ತಾ ತಲೆ ನೆರೆದೋರು, ದ್ವಾರಪಾಲಕನ ಹಳೇ ಪ್ರಶ್ನೆ ಮಾರೋರು, ಅರ್ಧಂಬರ್ಧ ಮಂತ್ರ ಕಲಿತು ಹಲ್ಲುನೋವು ವಾಸಿ ಮಾಡ್ತೀನಿ ಅನ್ನೋರು. ಸಿಸಿಲಿಯಲ್ಲಿ 1231ರಲ್ಲಿ ರಾಜ ಎರಡನೇ ಫ್ರೆಡರಿಕ್, ಸಲೆರ್ನೊ ವೈದ್ಯಶಾಲೆಯ ಗುರುಗಳ ಪರೀಕ್ಷೆ ಪಾಸಾಗದೆ ಯಾರೂ ವೈದ್ಯ ಅಂತ ಹೇಳ್ಕೊಂಡು ಕೆಲಸ ಮಾಡೋ ಹಾಗಿಲ್ಲ ಅಂತ ಕಾನೂನು ತಂದ. ಅಂಥ ಲೈಸೆನ್ಸ್ ಕಾನೂನು ನಿಮ್ಮ ನಗರಕ್ಕೂ ಬರಲಿ, ಬೀದಿಗೆ ಬೀದಿನೇ ಒಂದು ಬೆಳಿಗ್ಗೆ ಕಳ್ಳರಾಗ್ತಾರೆ. ಅವರ ಹತ್ರ ಹೋಗ್ತಿದ್ದ ಬಡವರಿಗೆ ಹಲ್ಲುನೋವಿಗೆ ಯಾರೂ ಇಲ್ಲ, ಶಾಲೆಯವರು ಹಲ್ಲು ನೋಡೋಷ್ಟು ಕೆಳಗಿಳಿಯಲ್ಲ.

ನಮ್ಮನ್ನ ಕೇಳಿದ್ರೆ ಆ ಬೀದಿಯ ಕಾದಂಬರಿಗೆ ಶಾಲೆ ಒಳಗೆ ಒಂದು ಸಲಾನೂ ಹೋಗೋ ಅಗತ್ಯ ಇಲ್ಲ.

ಪ್ರಶ್ನೆ: ಅಪಾಯದ ಪ್ರಯೋಗಗಳನ್ನ ಊರಿನ ಮಧ್ಯೆ ಇರೋ ಗೋಪುರದಲ್ಲಿ ಮಾಡಿಸ್ತಿದೀನಿ. ಇದು ಸರಿನಾ?

ಉತ್ತರ: ಒಂದು ಸಲ ಸರಿ. ಗೋಪುರ ಹಾರಿದ ಮೇಲೆ ಯಾರಾದ್ರೂ ನೀರಿನಾಚೆಗೆ ಕಳಿಸ್ತಾರೆ. ವೆನಿಸ್‌ನವರು 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಬೆಂಕಿ ಭಯಕ್ಕೆ ಮುರಾನೊ ದ್ವೀಪಕ್ಕೆ ಅಟ್ಟಿದ್ರು. ಚೀನಾದ ರಸವಾದಿಗಳ ಒಂದು ಹಳೇ ಗ್ರಂಥದಲ್ಲಿ, ಗಂಧಕ, ಸಾಲ್ಟ್‌ಪೀಟರ್ (ಪೆಟ್ಲುಪ್ಪು) ಜೊತೆ ಜೇನು ಸೇರಿಸಿ ಕಾಯಿಸಿದವರ ಕೈ ಮುಖ ಸುಟ್ಟು ಮನೆನೂ ಸುಟ್ಟುಹೋಯ್ತು, ಹಾಗೆ ಮಾಡಬೇಡಿ ಅಂತ ಎಚ್ಚರಿಕೆ ಇದೆ. ಅಮರತ್ವ ಹುಡುಕೋಕೆ ಹೋದೋರಿಗೆ ಸಿಕ್ಕಿದ್ದು ಕೋವಿಮದ್ದು. ಹಾಗಾಗಿ ನಿಮ್ಮ ಶಾಲೆಗೂ ಒಂದು ದ್ವೀಪ ಕೊಡಿ, ದೋಣಿಯವರ ಒಂದು ಸಂಘನೂ ಕೊಡಿ. ಆ ಕಡೆ ಹೋಗೋ ದೋಣಿ ಚಾರ್ಜು ಎಷ್ಟು, ಬರೋ ದೋಣಿ ಚಾರ್ಜು ಎಷ್ಟು ಅನ್ನೋದ್ರಲ್ಲೇ ಅಪಾಯ ಎಷ್ಟಿದೆ ಅಂತ ಓದುಗನಿಗೆ ಗೊತ್ತಾಗ್ಬಿಡತ್ತೆ.

ಪ್ರಶ್ನೆ: ನನ್ನ ನಗರದ ಜನಸಂಖ್ಯೆ ಹತ್ತು ಲಕ್ಷ. ಸುತ್ತ ಬರೀ ಮಂತ್ರದ ಕಾಡು.

ಉತ್ತರ: ಹತ್ತು ಲಕ್ಷ ಜನ ಏನು ತಿಂತಾರೆ? 20 ಸಾವಿರ ಜನ ಅಂತಾನೇ ಇಟ್ಕೊಳ್ಳಿ, ತಲೆಗೆ ದಿನಕ್ಕೆ ಅರ್ಧ ಕೆಜಿ ಧಾನ್ಯ ಅಂದ್ರೂ ದಿನಕ್ಕೆ 10 ಟನ್. ಒಂದು ಗಾಡಿಗೆ ಅರ್ಧ ಟನ್ ಹಿಡಿಯತ್ತೆ ಅಂದ್ರೆ ದಿನಾ 20 ಗಾಡಿ, ರಜಾ ಇಲ್ಲದೆ, ಬರೀ ಧಾನ್ಯಕ್ಕೆ. ಸೌದೆ ಬೇರೆ. ಕಾಡು ಸ್ವಲ್ಪ ಕಡೀರಿ.

ಪ್ರಶ್ನೆ: ಬೀದಿ ಹೆಸರುಗಳು ಎಲ್ಲಾ ಚಂದ್ರಕಾಂತ ಬೀದಿ, ಇಂದ್ರಜಾಲ ಬೀದಿ ಅಂತ ಒಂದೇ ಥರ ಬರ್ತಿವೆ. ಲೈಬ್ರರಿಗೂ ಏನಾದ್ರೂ ಹೊಸದು ಬೇಕು.

ಉತ್ತರ: ಪ್ಯಾರಿಸ್ಸಲ್ಲಿ ವಿದ್ಯಾರ್ಥಿಗಳು ನೆಲಕ್ಕೆ ಹುಲ್ಲು ಹಾಸ್ಕೊಂಡು ಕೂತು ಪಾಠ ಕೇಳ್ತಿದ್ದ ಬೀದಿಗೆ ಹುಲ್ಲಿನ ಬೀದಿ ಅಂತಲೇ ಹೆಸರು ಬಿತ್ತು. ಹೆಸರಿಡೋದು ಕವಿಗಳಲ್ಲ, ದಿನಾ ಓಡಾಡೋರು, ಆ ಕಡೆಯಿಂದ ಯೋಚನೆ ಮಾಡಿ. ಲೈಬ್ರರಿಗೆ ಪೋರ್ಚುಗಲ್‌ನ ಕೊಯಿಂಬ್ರಾ ನೋಡಿ, ಅಲ್ಲಿನ 18ನೇ ಶತಮಾನದ ಜೊವಾನಿನಾ ಲೈಬ್ರರೀಲಿ ಬಾವಲಿಗಳು ವಾಸ ಇವೆ, ರಾತ್ರಿ ಹೊತ್ತು ಪುಸ್ತಕ ತಿನ್ನೋ ಹುಳಗಳನ್ನ ತಿಂತವೆ, ಹಿಕ್ಕೆ ಬೀಳತ್ತೆ ಅಂತ ಸಿಬ್ಬಂದಿ ಸಂಜೆ ಹೊತ್ತಿಗೆ ಮೇಜುಗಳಿಗೆ ಚರ್ಮ ಹೊದೆಸಿ ಹೋಗ್ತಾರೆ. ಇದರಲ್ಲಿ ಮಂತ್ರ ಒಂಚೂರೂ ಇಲ್ಲ.

ಪ್ರಶ್ನೆ: ಕೊನೇಲಿ ಶಾಲೆ ಬೆಂಕಿಗೆ ಬಿದ್ದು ನಾಶ ಆಗತ್ತೆ. ಆದ್ರೆ ಎಲ್ಲರೂ ಹೀಗೇ ಮುಗಿಸ್ತಾರೆ ಅನ್ಸ್ತಿದೆ. ಬೇರೆ ದಾರಿ ಇದ್ಯಾ?

ಉತ್ತರ: ಇದೆ, ಪಕ್ಕದ ಊರವರು ಬಂದು ಕರ್ಕೊಂಡು ಹೋಗಲಿ. ಪ್ಯಾರಿಸ್ಸಲ್ಲಿ 1229ರಲ್ಲಿ ಪಾಠ ನಿಂತಾಗ ಇಂಗ್ಲೆಂಡಿನ ರಾಜ ಮೂರನೇ ಹೆನ್ರಿ ನಮ್ಮಲ್ಲಿಗೆ ಬನ್ನಿ ಅಂತ ಕರೆ ಕಳಿಸಿದ. ಅದೇ ವರ್ಷ ಹೊಸದಾಗಿ ಶುರುವಾದ ಫ್ರಾನ್ಸಿನ ತುಲೂಸ್ ವಿಶ್ವವಿದ್ಯಾಲಯದವರು ಊರೂರಿಗೆ ಪತ್ರ ಬರೆದ್ರು, ಇಲ್ಲಿ ವೈನು ಸಸ್ತಾ, ಊಟ ಸಸ್ತಾ, ಮತ್ತೆ ಪ್ಯಾರಿಸ್ಸಲ್ಲಿ ನಿಷೇಧ ಆಗಿರೋ ಪ್ರಕೃತಿ ಶಾಸ್ತ್ರದ ಪುಸ್ತಕಗಳ ಪಾಠ ಇಲ್ಲಿ ಧಾರಾಳವಾಗಿ ಕೇಳಬಹುದು ಅಂತ. ಪಕ್ಕಾ ಜಾಹೀರಾತು! ನಿಮ್ಮ ಊರಿಗೂ ಅಂಥದ್ದೊಂದು ಪತ್ರ ಬರಲಿ, ಬಾಡಿಗೆ ಕಮ್ಮಿ, ನಿಷಿದ್ಧ ಮಂತ್ರ ಕಲಿಸಲಾಗುತ್ತದೆ. ಒಬ್ಬೊಬ್ಬರೇ ಹೊರಡಲಿ, ಮೊದಲು ಕಿರಿಯ ಗುರುಗಳು, ಆಮೇಲೆ ಅವರ ಹಿಂದೆ ಶಿಷ್ಯರು, ಆಮೇಲೆ ಪುಸ್ತಕದ ಅಂಗಡಿಯವರು, ಛತ್ರದವರು ದಿನಾ ಸಂಜೆ ಎಷ್ಟು ಎಲೆ ಎದ್ದವು ಅಂತ ಎಣಿಸ್ಲಿ. ಗೋಪುರಕ್ಕೆ ಒಂದು ಕಿಡಿನೂ ತಾಗೋದು ಬೇಡ.

ಆ ತುಲೂಸ್ ಪತ್ರ ಬರೆದೋನು ಜಾನ್ ಆಫ್ ಗಾರ್ಲಂಡ್, ಮೊದಲು ಪ್ಯಾರಿಸ್ಸಲ್ಲೇ ಪಾಠ ಹೇಳ್ತಿದ್ದೋನು. ಕೆಲವೇ ವರ್ಷಕ್ಕೆ ಅವನೂ ಪ್ಯಾರಿಸ್ಸಿಗೇ ವಾಪಸ್ ಬಂದ.